ಲಾವಂಚದ ತಟ್ಟಿ ಮತ್ತು ತುಪ್ಪದ ಬಟ್ಟಲು

ಬಾಗಿಲ ಸಂದಿಯಿಂದ ಕದ್ದು ಕಲಿತ ವಿದ್ಯೆಯನ್ನು ಮನೆಯಲ್ಲಿ ಪ್ರಯೋಗಿಸಬಾರದೆಂದು ನನಗೆ ತಿಳಿದದ್ದು ತಡವಾಗಿ. ಬಳ್ಳಾರಿಯ ಕಚೇರಿಯೊಂದರಲ್ಲಿ ನಕಲು ಬರೆಯುವ ಗುಮಾಸ್ತ ನಾನು. ನಮ್ಮ ಸಾಹೇಬರ ಕೋಣೆಯ ಬಾಗಿಲಿಗೆ ಬೇಸಿಗೆಯಲ್ಲಿ ಲಾವಂಚದ ತಟ್ಟಿ ಕಟ್ಟಿ ನೀರೆರಚುತ್ತಾರೆ. ಹೊರಗಿನ ಉರಿಗಾಳಿ ಆ ಒದ್ದೆ ಬೇರುಗಳ ನಡುವೆ ನುಸುಳಿ, ನೀರು ಆರಿಸುವ ಕೆಲಸದಲ್ಲಿ ತನ್ನ ಬಿಸಿಯನ್ನೆಲ್ಲ ಕಳೆದುಕೊಂಡು, ಬಾಲ ಮುದುರಿಕೊಂಡು ಒಳಗೆ ಬರುತ್ತದೆ. ಕಾಗದ ಒಪ್ಪಿಸುವ ನೆಪದಲ್ಲಿ ನಾನು ದಿನಕ್ಕೆ ಆರು ಸಲವಾದರೂ ಆ ಕೋಣೆಗೆ ಹೋಗುತ್ತಿದ್ದೆ. ಸಾಹೇಬರು ನನ್ನನ್ನು ಬಹಳ ಶ್ರದ್ಧಾವಂತನೆಂದು ತಿಳಿದಿದ್ದಾರೆ; ತಿಳಿದಿರಲಿ.

ಈ ಸಲ ಬೇಸಿಗೆ ಮೊದಲಾಗುತ್ತಲೇ ನನ್ನ ಹೆಂಡತಿ ರುಕ್ಮಾ, "ಈ ಮನ್ಯಾಗ ಇನ್ನೆಂಟು ದಿನ ಇದ್ರ ನಾನೇ ಸಂಡಿಗಿ ಆಗ್ತೀನ್ರಿ. ಸಿರುಗುಪ್ಪಕ್ಕ ಹೋಗ್ತೀನಿ, ಅಲ್ಲಿ ಹೊಳಿ ಗಾಳಿ ಬರ್ತದ" ಎಂದಳು. ಕರೆದೊಯ್ಯಲು ಅವಳ ತಂದೆ ದ್ವಾದಶಿಯ ದಿನ ಬಂಡಿ ತರುತ್ತಾರಂತೆ. ಎರಡು ತಿಂಗಳು ಅವಳಿಲ್ಲದ ಮನೆ! ನನಗೆ ಅಡಿಗೆ ಬಾರದೆಂಬುದು ಲೋಕಕ್ಕೆ ಹೇಳುವ ಕಾರಣ; ಅವಳ ಬೈಗುಳವಿಲ್ಲದೆ ನನಗೆ ಹೊತ್ತು ಹೋಗುವುದಿಲ್ಲವೆಂಬುದು ನಿಜವಾದ ಕಾರಣ.

"ಮನಿ ತಂಪು ಮಾಡಿದ್ರ ಇರ್ತೀಯೇನು?" ಎಂದೆ.

ಅವಳು ತುಪ್ಪದ ಬಟ್ಟಲು ತಂದು ನಡುಮನೆಯಲ್ಲಿಟ್ಟಳು. "ಈ ತುಪ್ಪ ಗಟ್ಟಿ ಆಗ್ಲಿ, ಇರ್ತೀನಿ."

ಸಾಹೇಬರ ಗೋಡೆಯ ಮೇಲೆ ಸೆಕೆ ಅಳೆಯುವ ಪಾದರಸದ ಕೊಳವೆ ಸುಳ್ಳು ಹೇಳಿದರೂ ಹೇಳೀತು, ಬಳ್ಳಾರಿಯ ತುಪ್ಪ ಹೇಳುವುದಿಲ್ಲ. ಎಷ್ಟು ಕೊಡ ನೀರಿಗೆ ಎಷ್ಟು ತುಪ್ಪ ಗಟ್ಟಿಯಾಯಿತೆಂಬುದೇ ನಾನು ಕಟ್ಟಲಿರುವ ತಟ್ಟಿಯ ಯೋಗ್ಯತೆಯೆಂದು ಇಬ್ಬರೂ ಒಪ್ಪಿದೆವು.

ಬ್ರೂಸ್‌ಪೇಟೆಯಿಂದ ಲಾವಂಚ ತಂದು, ಬಿದಿರ ಚೌಕಟ್ಟಿಗೆ ನಾನೇ ಹೆಣೆದು, ಹಿತ್ತಲ ಬಾಗಿಲಿಗೆ ಕಟ್ಟಿದೆ. ತಟ್ಟಿಯ ನೀರು ಅಡಿಗೆಮನೆಯತ್ತ ಹರಿಯುವುದರಿಂದ ಅದು ಮಡಿನೀರೇ ಆಗಬೇಕೆಂದಳು ರುಕ್ಮಾ. ಹಾಗಾಗಿ ದ್ವಾದಶಿಯ ದಿನ ನಾನು ಸ್ನಾನ ಮಾಡಿ, ಯಾರನ್ನೂ ಮುಟ್ಟದೆ, ಒದ್ದೆ ಪಂಚೆಯಲ್ಲೇ ಬಾವಿಯಿಂದ ಹನ್ನೊಂದು ಕೊಡ ಸೇದಿ ತಟ್ಟಿಗೆ ಸುರಿದೆ. ಇಷ್ಟು ಕಷ್ಟಪಟ್ಟು ಮಾಡಿದ ತಂಪು ಸೋರಿಹೋಗಬಾರದಲ್ಲ? ಬೀದಿ ಬಾಗಿಲು, ಕಿಟಕಿಗಳನ್ನೆಲ್ಲ ರುಕ್ಮಾಳಿಂದ ಮುಚ್ಚಿಸಿ, ಸಂದಿಗಳಿಗೆ ಹಳೆಯ ಸೀರೆ ತುರುಕಿಸಿದೆ. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ. ಅರ್ಧ ಗಂಟೆಯಲ್ಲಿ ನಡುಮನೆ ಕಡುಬು ಬೇಯಿಸುವ ಪಾತ್ರೆಯಾಯಿತು. ಡಬ್ಬಿಯ ಹಪ್ಪಳ ಮೆತ್ತಗಾದವು, ಗೋಡೆ ಬೆವರಿತು. ಕರಗಿದ ತುಪ್ಪದಲ್ಲಿ ತನ್ನ ಮುಖ ನಿಚ್ಚಳವಾಗಿ ಕಾಣುತ್ತಿದೆಯೆಂದು ರುಕ್ಮಾ ಒಳಗಿನಿಂದ ವರದಿ ಒಪ್ಪಿಸಿದಳು.

ನಾನು ಹಿತ್ತಲಲ್ಲಿ ಹನ್ನೆರಡನೆಯ ಕೊಡ ಎತ್ತಿದ್ದೆ. ಅಷ್ಟರಲ್ಲಿ ಮಾವನವರು ಬಂದು ಬೀದಿ ಬಾಗಿಲನ್ನು ಧಡಾರನೆ ದೂಡಿದರು. "ಏನ್ರಿ ಅಳಿಯಂದ್ರೇ, ನನ್ನ ಮಗಳನ್ನ ಕುದಿಸ್ಲಿಕ್ಕೆ ಇಟ್ಟೀರೇನು? ಬಂದ ಗಾಳಿಗೆ ಹೋಗ್ಲಿಕ್ಕೆ ದಾರಿ ಬ್ಯಾಡೇನು?"

ದಾರಿ ಸಿಕ್ಕಿದ್ದೇ ತಡ, ಹಿತ್ತಲಲ್ಲಿ ಕಾದಿದ್ದ ಗಾಳಿ ಒಮ್ಮೆಲೇ ಒಳಗೆ ನುಗ್ಗಿತು. ನೆನೆದು ಭಾರವಾಗಿದ್ದ ತಟ್ಟಿ ಒಳಕ್ಕೊಮ್ಮೆ ತೂಗಿ, ಹಿಂದಕ್ಕೆ ಬಂದು, ಹಗ್ಗ ಹರಿದು, ನನ್ನ ಮೇಲೇ ಬಿತ್ತು. ಹನ್ನೆರಡನೆಯ ಕೊಡ ನನ್ನ ತಲೆಯ ಮೇಲೆ ಬರಿದಾಯಿತು. ಹೇಗೋ ಎದ್ದು, ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದು ನಿಂತೆ.

"ರೀ, ಅಲ್ಲಾಡಬ್ಯಾಡ್ರಿ!" ಎಂದು ರುಕ್ಮಾ ಕೂಗಿದಳು. ನನಗೆ ಪೆಟ್ಟಾಯಿತೆಂದು ಹೆದರಿದಳಲ್ಲ ಎಂದು ನನ್ನ ಕಣ್ಣೂ ಒದ್ದೆಯಾಯಿತು. "ಹಂಗೇ ನಿಂದರ್ರಿ. ಚಲೋ ತಂಪು ಬರ್ಲಿಕ್ಕೆ ಹತ್ತ್ಯದ."

ಮಗಳ ಬಾಯಿಂದ ತುಪ್ಪದ ಪಂತದ ಕತೆಯೆಲ್ಲ ಕೇಳಿ, ಮಾವನವರು ಬಟ್ಟಲನ್ನು ಬಾಗಿಸಿ, ಕಣ್ಣು ಕಿರಿದು ಮಾಡಿ ನೋಡಿದರು. ಅಂಚಿನಲ್ಲಿ ಸಾಸಿವೆಯಷ್ಟು ತುಪ್ಪ ಬೆಳ್ಳಗೆ ಗಟ್ಟಿಯಾಗಿತ್ತು. "ಎಷ್ಟು ಕೊಡಕ್ಕ ಇದು?"

"ಇವರ ಮ್ಯಾಲ ಸುರದದ್ದು ಒಂದೇ ಕೊಡ, ಅಪ್ಪಾ."

"ಹಂಗಾದ್ರ ಲಾವಂಚಕ್ಕಿಂತ ಅಳಿಯಂದ್ರೇ ವಾಸಿ."

ಹೊರಗಿನಿಂದ ಬಂಡಿಯವನು ಕೇಳಿದ: "ಸ್ವಾಮ್ಯಾರ, ಎತ್ತು ಬಿಚ್ಚಲೇನ್ರಿ, ಇಲ್ಲಾ ಈಗ ಹೊಂಡೂದೈತೇನು?"

ರುಕ್ಮಾ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. "ಬಿಚ್ಚಪಾ" ಎಂದಳು.

ಹೀಗೆ ಗೆದ್ದೆ. ಈಗ ಆದಿತ್ಯವಾರ ಮಧ್ಯಾಹ್ನವಿಡೀ, ಉಳಿದ ದಿನ ಕಚೇರಿಯಿಂದ ಬಂದೊಡನೆ, ತಲೆಯ ಮೇಲೆ ಒಂದು ಕೊಡ ಸುರಿದುಕೊಂಡು ಹಿತ್ತಲ ಬಾಗಿಲಲ್ಲಿ ನಿಲ್ಲುತ್ತೇನೆ. ಮಾವನವರು ಮರಳುವ ಹಾದಿಯಲ್ಲಿ ಕುರುಗೋಡಿನ ನಂಟರಿಗೂ ಸುದ್ದಿ ಹೇಳಿದರಂತೆ. ನಿಮ್ಮ ಮನೆಯ ತಟ್ಟಿಯನ್ನು ಎಂಟು ದಿನದ ಮಟ್ಟಿಗೆ ಕಳಿಸಿಕೊಡಿರೆಂದು ಅವರಿಂದ ಕಾಗದ ಬಂದಿದೆ. ಏನೆಂದು ಉತ್ತರ ಬರೆಯಲೆಂದು ರುಕ್ಮಾಳನ್ನು ಕೇಳಿದೆ.

"ಇರೂದು ಒಂದೇ, ಬಿಟ್ಟಿರ್ಲಿಕ್ಕೆ ಆಗೂದಿಲ್ಲ ಅಂತ ಬರೀರಿ" ಎಂದಳು.

ಎಂಥ ಮಾತು! ಸಂತೋಷದಿಂದ ಕೂಡಲೇ ಬರೆಯತೊಡಗಿದೆ. ಮೂರು ಸಲ ಬರೆದರೂ ತಲೆಯ ನೀರು ತೊಟ್ಟಿಕ್ಕಿ ಅಕ್ಷರ ಕಲೆಸಿಹೋಗುತ್ತಿದೆ. ಕೂತು ಬರೆಯೋಣವೆಂದರೆ ಅವಳು ಬಾಗಿಲು ಬಿಟ್ಟು ಬರಗೊಡುವುದಿಲ್ಲ.