ಪಾರ್ಕಿನ ಜಾರುಬಂಡೆಯನ್ನು ಸ್ಕ್ಯಾನ್ ಮಾಡಲು ತಕ್ಕ ಯಂತ್ರ ಆರಿಸುವ ಬಗ್ಗೆ

ದಾಖಲೆ ಮತ್ತು ಇತರೆ ಇಲಾಖೆ
ಎರಡನೇ ಮಹಡಿ (ಲಿಫ್ಟ್ ಪರಿಶೀಲನೆಯಲ್ಲಿದೆ)

ಸಂಖ್ಯೆ: ದಾ.ಇ/ಸ್ಕ್ಯಾನ್/ಜಾ.ಬಂ/೧೭(ಅ)

ಸುತ್ತೋಲೆ

ವಿಷಯ: ನೆಗೆಟಿವ್ ಹಾಗೂ ಸ್ಲೈಡ್‌ಗಳ ಡಿಜಿಟಲೀಕರಣಕ್ಕೆ ಸ್ಕ್ಯಾನರ್ ಆಯ್ಕೆ ಮಾಡುವ ಕುರಿತು.

ಉಲ್ಲೇಖ: ೧) ಒಬ್ಬ ಅಜ್ಜಿಯ ಮೌಖಿಕ ಮನವಿ, ಮೂರನೇ ಕಿಟಕಿ.
೨) ಸದರಿ ಅಜ್ಜಿ, ಅದೇ ಕಿಟಕಿ.
೩) ಮತ್ತೆ ಸದರಿ ಅಜ್ಜಿ.

ಮೇಲ್ಕಂಡ ಅಜ್ಜಿಯು ಕಿಟಕಿಗೆ ಬಂದು, "ಪಾರ್ಕ್ ಶುರುವಾದ ದಿನ ನಿಮ್ಮ ಫೋಟೋಗ್ರಾಫರ್ ತೆಗೆದ ಸ್ಲೈಡಲ್ಲಿ ನನ್ನ ಮಗ ಇದಾನೆ ಸಾರ್. ಮುಂದಿನ ಹಲ್ಲು ಬಿದ್ದಿದೆ, ಅವರಣ್ಣನ ದೊಗಳೆ ಅಂಗಿ ಹಾಕ್ಕೊಂಡಿದಾನೆ. ಅವನು ಹೋದ್ಮೇಲೆ ನೋಡ್ಕೊಳ್ಳೋಕೆ ಒಂದು ಫೋಟೋನೂ ಇಲ್ಲ. ಅದನ್ನ ಸ್ಕ್ಯಾನ್ ಮಾಡಿ ಕೊಡಿ, ನಿಮ್ಮ ದಮ್ಮಯ್ಯ" ಎಂದಿರುವುದನ್ನು ದಾಖಲಿಸಿಕೊಳ್ಳಲಾಗಿದೆ. 'ಸ್ಲೈಡ್' ಪದವನ್ನು ಭಾಷಾಂತರ ಶಾಖೆಗೆ ಕಳುಹಿಸಲಾಗಿ, ಅದು 'ಜಾರುಬಂಡೆ' ಎಂದು ಮೊಹರು ಒತ್ತಿ ದೃಢೀಕರಿಸಿದೆ. ಅದರಂತೆ ಪಾರ್ಕಿನ ಜಾರುಬಂಡೆಯನ್ನು ಬುಡಸಮೇತ ಕಿತ್ತು ತಂದು ಕಚೇರಿಯ ಪಡಸಾಲೆಯಲ್ಲಿ ನಿಲ್ಲಿಸಲಾಗಿದ್ದು, ಸಮಸ್ತ ಸಿಬ್ಬಂದಿಗೆ ಈ ಮೂಲಕ ಸೂಚಿಸುವುದೇನೆಂದರೆ:

೧. ಜಾರುಬಂಡೆಯನ್ನು ಮೂವರು ಅಧಿಕಾರಿಗಳು ಮೇಲಿನಿಂದ ಕೆಳಗಿನವರೆಗೆ ಖುದ್ದು ಜಾರಿ ಪರಿಶೀಲಿಸಿದ್ದು, ಅದರಲ್ಲಿ ಯಾವುದೇ ಮಗ ಕಂಡುಬಂದಿರುವುದಿಲ್ಲ. ಮಗ ಎಲ್ಲಿಗೆ 'ಹೋದ' ಎಂಬ ಬಗ್ಗೆ ಪೂರ್ಣ ವಿಳಾಸ ಕೇಳಲಾಗಿ, ಅಜ್ಜಿಯು ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಟುಹೋಗಿದ್ದು, ಇದನ್ನು ಅಸಹಕಾರವೆಂದು ಪರಿಗಣಿಸಲಾಗಿದೆ.

೨. ನೆಗೆಟಿವ್‌ಗಳ ವಿಷಯದಲ್ಲಿ ಇಲಾಖೆಗೆ ಕೊರತೆಯಿಲ್ಲ. ಸಾರ್ವಜನಿಕರಿಗೆ ಈವರೆಗೆ ನೀಡಿದ ಉತ್ತರಗಳೆಲ್ಲ ನೆಗೆಟಿವ್ ಆಗಿದ್ದು, ಅವುಗಳನ್ನು ಕಟ್ಟುಕಟ್ಟಾಗಿ ಜೋಡಿಸಿಡಲಾಗಿದೆ.

೩. ಕಾಗದ ಮಲಗಿಸಿ ಸ್ಕ್ಯಾನ್ ಮಾಡುವ ಫ್ಲಾಟ್‌ಬೆಡ್ ಯಂತ್ರವನ್ನು ಭಾಷಾಂತರ ಶಾಖೆಯು 'ಚಪ್ಪಟೆ ಹಾಸಿಗೆ' ಎಂದು ಅನುವಾದಿಸಿದ್ದರಿಂದ, ಟೆಂಡರ್‌ಗೆ ಹತ್ತಿ ಹಾಸಿಗೆಯ ವ್ಯಾಪಾರಿ ಮಾತ್ರ ಬಂದಿರುತ್ತಾರೆ. ಮಾದರಿಗೆಂದು ಅವರು ಬಿಟ್ಟುಹೋದ ಹಾಸಿಗೆಯನ್ನು ಊಟದ ವಿರಾಮದ ನಂತರ ಪರೀಕ್ಷಿಸಲಾಗುತ್ತಿದ್ದು, ಪರೀಕ್ಷೆ ಸಂಜೆ ಐದರವರೆಗೂ ಮುಂದುವರಿಯುತ್ತಿದೆ. ಗೊರಕೆಯನ್ನು ಯಂತ್ರದ ಸದ್ದೆಂದು ವರದಿಯಲ್ಲಿ ಬರೆಯತಕ್ಕದ್ದಲ್ಲ.

೪. ಸ್ಲೈಡ್ ಎಂದ ಮೇಲೆ ಹಿಂದಿನಿಂದ ಬೆಳಕು ಹಾಯಬೇಕೆಂದು ಕ್ಯಾಮೆರಾ ಅಂಗಡಿಯವರು ತಿಳಿಸಿರುತ್ತಾರೆ. ತಗಡಿನ ಮೂಲಕ ಹಾಯಲು ಬೆಳಕು ಸಹಕರಿಸದ ಕಾರಣ, ಜಾರುಬಂಡೆಗೆ ಅಲ್ಲಲ್ಲಿ ತೂತು ಕೊರೆಸಲಾಗಿದೆ. ಇನ್ನು ಮುಂದೆ ಜಾರಿ ಪರಿಶೀಲಿಸುವವರು ಪ್ಯಾಂಟಿಗೆ ತಾವೇ ಹೊಣೆ.

೫. ಧೂಳು ತೆಗೆಯುವ ಸೌಲಭ್ಯವುಳ್ಳ ಸ್ಕ್ಯಾನರ್‌ಗಳನ್ನು ತಿರಸ್ಕರಿಸಲಾಗಿದೆ. ಈ ಕಚೇರಿಯಲ್ಲಿ ಧೂಳು ತೆಗೆದರೆ ಉಳಿಯುವುದೇನು ಎಂಬ ಪ್ರಶ್ನೆಗೆ ಯಾವ ಶಾಖೆಯಿಂದಲೂ ಉತ್ತರ ಬಂದಿಲ್ಲ.

೬. ಸದರಿ ಕ್ಯಾಮೆರಾ ಅಂಗಡಿಯವರ ಫಿಲ್ಮ್ ಸ್ಕ್ಯಾನರ್ ಅಂತಿಮವಾಗಿ ಆಯ್ಕೆಯಾಗಿದ್ದು, ಅದಕ್ಕೆ ಮೂವತ್ತೈದು ಮಿಲಿಮೀಟರಿನ ಸ್ಲೈಡ್ ಮಾತ್ರ ಹಿಡಿಸುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆದ್ದರಿಂದ ಜಾರುಬಂಡೆಯನ್ನು ಸೋಮವಾರ ಅದೇ ಅಳತೆಗೆ ಕತ್ತರಿಸತಕ್ಕದ್ದು. ಗೇಟಿನ ಬಳಿ ನಿಂತು "ನಮ್ ಜಾರ್ಬಂಡೆ ಕೊಡ್ರೀ" ಎಂದು ಕೂಗುವ ಮಕ್ಕಳಿಗೆ ಡಿಜಿಟಲ್ ಪ್ರತಿ ನೀಡಲಾಗುವುದು. ಕಚೇರಿ ವೇಳೆಯಲ್ಲಿ ಅದರ ಮೇಲೆ ಜಾರಲು ಅಭ್ಯಂತರವಿಲ್ಲ.

೭. ಮೂರನೇ ಸಲ ಬಂದ ಅಜ್ಜಿಯು ಪಡಸಾಲೆಯಲ್ಲಿ ಜಾರುಬಂಡೆಯನ್ನು ಕಂಡು, "ಅಯ್ಯೋ ನನ್ನ ಕರ್ಮವೇ! ಇದಲ್ಲ ಕಣಪ್ಪಾ. ಇಷ್ಟೇ ಇಷ್ಟು ರಟ್ಟಿನ ಚೌಕ, ಬೆಳಕಿಗೆ ಹಿಡಿದ್ರೆ ಚಿತ್ರ ಕಾಣುತ್ತೆ" ಎಂದು ಎರಡು ಬೆರಳಲ್ಲಿ ಅಳತೆ ತೋರಿಸಿರುತ್ತಾರೆ. ಸದರಿ ಅಳತೆಯು ಆರನೇ ಕಲಮಿಗೆ ಸರಿಹೊಂದುವುದರಿಂದ, ಕತ್ತರಿಸಲು ಅಜ್ಜಿಯ ಒಪ್ಪಿಗೆ ದೊರೆತಿದೆಯೆಂದು ದಾಖಲಿಸಲಾಗಿದೆ.

೮. ಜಾರುಬಂಡೆಯ ಒಂದು ಕಾಲು ಗಿಡ್ಡವಾಗಿ ಅಲ್ಲಾಡುತ್ತಿದ್ದುದರಿಂದ, ಉಗ್ರಾಣದಲ್ಲಿ ಬಿದ್ದಿದ್ದ ಹಳದಿ ಡಬ್ಬಿಯೊಂದನ್ನು ಅದರಡಿ ಒತ್ತಾಗಿ ಇಡಲಾಗಿದೆ. ಡಬ್ಬಿಯ ಮೇಲೆ 'ಪಾರ್ಕ್ ಉದ್ಘಾಟನೆ' ಎಂದಿದ್ದು, ಒಳಗೆ ರಟ್ಟಿನ ಚೌಕಟ್ಟಿನ ಫಿಲ್ಮ್ ತುಂಡುಗಳಿವೆ. ಒಂದನ್ನು ಬೆಳಕಿಗೆ ಹಿಡಿಯಲಾಗಿ, ದೊಗಳೆ ಅಂಗಿ ತೊಟ್ಟ, ಮುಂದಿನ ಹಲ್ಲಿಲ್ಲದ ಹುಡುಗನೊಬ್ಬ ಬಾಯ್ತುಂಬ ನಗುತ್ತಾ ಜಾರುತ್ತಿರುವುದು ಕಂಡುಬಂದಿದೆ. ಕಚೇರಿಯಲ್ಲಿ ನಗುವುದು ನಿಯಮಬಾಹಿರ; ಆದರೆ ಈತ ಸಿಬ್ಬಂದಿಯಲ್ಲದ ಕಾರಣ ಶಿಸ್ತುಕ್ರಮ ಕೈಬಿಡಲಾಗಿದೆ. ಡಬ್ಬಿಯನ್ನು ಯಾರೂ ಕದಲಿಸತಕ್ಕದ್ದಲ್ಲ.

ಸಹಿ/-
(ಓದಲಾಗುವುದಿಲ್ಲ)
ಪ್ರಭಾರ ಅಧೀಕ್ಷಕರು
ರಜೆಯಲ್ಲಿರುವ ಪ್ರಭಾರ ಅಧೀಕ್ಷಕರ ಪರವಾಗಿ

ಪ್ರತಿಗಳು:
೧. ಭಾಷಾಂತರ ಶಾಖೆಗೆ, ಅಭಿನಂದನೆಗಳೊಂದಿಗೆ.
೨. ಹಾಸಿಗೆ ವ್ಯಾಪಾರಿಗೆ: ದಿಂಬು ಬಂದಿಲ್ಲ.
೩. ವೆಲ್ಡರ್‌ಗೆ: ಸೋಮವಾರ ಬೆಳಿಗ್ಗೆ, ಮಕ್ಕಳು ಶಾಲೆಗೆ ಹೋದ ಮೇಲೆ.
೪. ಸದರಿ ಅಜ್ಜಿಗೆ, ಅವರ ಸದರಿ ಮಗನ ಮುಖಾಂತರ.
೫. ಕಚೇರಿ ಪ್ರತಿ: ನಾಲ್ಕು ಮಡಿಕೆ ಮಾಡಿ ಹಳದಿ ಡಬ್ಬಿಯ ಕೆಳಗೆ ತುರುಕಲು. ಇನ್ನೂ ಕೊಂಚ ಅಲ್ಲಾಡುತ್ತಿದೆ.