ಅವನು ಮರೆಯಲಿ

“ಅಷ್ಟೂ ಗೊತ್ತಾಗಲ್ವಾ ಮಾವ? ‘ಅವನು ಮರೆಯಲಿ, ನಾನು ಇಲ್ಲೇ ಇರುವೆ’ ಅಂದ್ರೆ, ಅವನು ಬೀರು ಮರೆಯಲ್ಲಿ ಬಚ್ಚಿಟ್ಕೊಂಡಿದಾನೆ, ಇವಳು ಬಾಗಿಲಲ್ಲಿ ಕಾವಲು ನಿಂತಿದಾಳೆ!”

ಲಾಂಡ್ರಿಯಲ್ಲಿ ಬಟ್ಟೆ ಒಗೆಯುವ ತೊಟ್ಟಿಯಣ್ಣ ಹೀಗೆ ಅರ್ಥ ಬಿಡಿಸಿ, ಮೊಬೈಲಿನಲ್ಲಿ ಹಾಡನ್ನು ಮತ್ತೆ ಹಾಕಿದ.

“ಥೂ, ನಿನ್ನ ಬುದ್ಧಿಯೂ ತೊಟ್ಟಿನೀರೇ,” ಎಂದಳು ಗಲ್ಲಾದಲ್ಲಿ ಕೂತ ಅಕ್ಕ. “ಅದು ಗಿರಾಕಿ ಒಯ್ಯದೆ ಬಿಟ್ಟ ಅಂಗಿಯ ಹಾಡು ಕಣೋ. ಅವನು ಮರೆತ್ರೆ ಮರೀಲಿ, ನಾನು ಕಪಾಟಲ್ಲೇ ಇರ್ತೀನಿ ಅಂತ!”

ನಗುವಿನ ಭರದಲ್ಲಿ ಇಸ್ತ್ರಿ ಮಾವನ ಬಾಯಿ ಜಾರಿತು. “ನಮ್ಮನೆಯವಳೂ ಈಗೀಗ ಇದನ್ನೇ ಗುನುಗ್ತಾಳೆ ಕಣ್ರೋ.”

“ಹಾಗಾದ್ರೆ ಬೀರು ಹಿಂದೆ ಒಂದ್ಸಲ ನೋಡ್ಬಿಡಿ ಮಾವ!”

ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಒದ್ದೆ ಬಟ್ಟೆಯ ಮೇಲಿಟ್ಟ ಇಸ್ತ್ರಿಯಂತೆ ಆ ಮಾತು ಮಾವನ ಎದೆಯಲ್ಲಿ ಚುರ್ ಎಂದಿತು. ಹಿಂದಿಲ್ಲ ಮುಂದಿಲ್ಲ, ಅವನಿಗೆ ಇದ್ದವಳು ಅವಳೊಬ್ಬಳೇ. ಅವಳೂ ಹೋದರೆ? ಯೋಚಿಸುತ್ತ ನಿಂತವನ ಕೈಕೆಳಗೆ ಅಂಗಿಯೇ ಸುಟ್ಟು, ಅದರ ಬೆನ್ನಿಗೆ ಕಂದು ತ್ರಿಕೋನ ಬಿತ್ತು. “ಈಗ ಬಂದೆ” ಎಂದವನೇ ಚಪ್ಪಲಿ ಮೆಟ್ಟಿದ. ಸಿಟ್ಟಿನಲ್ಲಿ ದಾರಿ ತಪ್ಪಿ, ಯಾರದೋ ಮನೆಯ ಚಿಲಕ ಬಡಿದು, ಅವರ ನಾಯಿಯಿಂದ ಬೈಸಿಕೊಂಡು, ಅಂತೂ ತನ್ನ ಬಾಗಿಲು ಮುಟ್ಟಿದ.

ಒಳಗೆ ಗಂಡಸಿನ ದನಿ! “ಇಷ್ಟು ಸಾಕಾ ಅಕ್ಕಾ?”

“ಬೇಗ ಮುಗಿಸಪ್ಪ, ಅವರು ಬರೋದ್ರೊಳಗೆ.” ಹೆಂಡತಿಯ ದನಿ.

ಮಾವ ಅಡುಗೆಮನೆಯ ಪರದೆ ಜಗ್ಗಿದ. ಅದು ಕಂಬಿ ಸಮೇತ ತಲೆಯ ಮೇಲೆ ಬಿತ್ತು. “ಎಲ್ಲಿ ಅವನು?” ಎಂದು ಮುಸುಕಿನೊಳಗಿಂದಲೇ ಗುಡುಗಿದ.

ಮುಸುಕು ತುಸು ಸರಿಸಿದರೆ, ಅವನು ಎದುರಿಗೇ ಇದ್ದ. ಅಂಗಡಿಗಳ ಬೋರ್ಡು ಬರೆಯುವವ, ಕೈಯಲ್ಲಿ ಕುಂಚ. ಡಬ್ಬಿಗಳ ಮೇಲೆ ‘ಉಪ್ಪು’, ‘ಸಕ್ಕರೆ’ ಇನ್ನೂ ಹಸಿಯಾಗಿದ್ದವು. ಬಚ್ಚಲ ಬಾಗಿಲಿಗೆ ‘ಬಚ್ಚಲು’. ಗೋಡೆಯ ಫೋಟೋದಲ್ಲಿ ಅವಳ ಮುಖದ ಕೆಳಗೆ ‘ನಿಮ್ಮ ಹೆಂಡತಿ’.

“ಇದೆಲ್ಲ ಯಾಕೇ?”

“ನಿಮಗೇ ರೀ. ಮುಂದೆ ಬೇಕಾಗುತ್ತೆ ಅಂತ ಡಾಕ್ಟ್ರು ಹೇಳಿದ್ರಲ್ಲ.”

“ಯಾವ ಡಾಕ್ಟ್ರು?”

ಅವಳು ಅವನ ತಲೆಯಿಂದ ಪರದೆ ಬಿಡಿಸಿದಳು.

“ಮತ್ತೆ ಆ ಹಾಡು? ಅವನು ಮರೆಯಲ್ಲಿ...”

“ಮರೆಯಲ್ಲಿ ಅಲ್ಲ ರೀ, ಮರೆಯಲಿ. ಮರೆತ್ರೆ ಮರೀಲಿ. ನಾನಿದ್ದೀನಲ್ಲ.”

ಮಾವ ಹತ್ತಿಯಂತೆ ಹಗುರಾಗಿ ಹೊರಟ. ತೊಟ್ಟಿಯಣ್ಣನ ಬಾಯಿಗೆ ಬೀಗ ಹಾಕುವ ಅರ್ಥ ಸಿಕ್ಕಿತ್ತು. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿದ. ಯಾವುದೋ ತಿರುವಿನಲ್ಲಿ ಆ ನಾಯಿ ಮತ್ತೆ ಬೊಗಳಿತು.

“ಏನ್ ಮಾವ, ಸಿಕ್ಕಿದ್ನಾ?” ತೊಟ್ಟಿಯಣ್ಣ ಕಣ್ಣು ಮಿಟುಕಿಸಿದ.

“ಯಾರು?”

ಮೊಬೈಲಿನಲ್ಲಿ ಹಾಡು ನಡೆದೇ ಇತ್ತು. ಮಾವ ತಲೆದೂಗಿದ. “ಚೆನ್ನಾಗಿದೆ ಕಣೋ. ಹೊಸದಾ? ‘ಅವನು ಮರೆಯಲಿ’ ಅಂದ್ರೆ ಏನೋ ಅರ್ಥ?”

ತೊಟ್ಟಿಯಣ್ಣ ಅಕ್ಕನ ಮುಖ ನೋಡಿದ. ಅಕ್ಕ ತಲೆ ತಗ್ಗಿಸಿದಳು.

“ಗೊತ್ತಿಲ್ಲ ಮಾವ,” ಎಂದ.

ಆಮೇಲೆ ಮೇಜಿನ ಮೇಲಿದ್ದ ಸುಟ್ಟ ಅಂಗಿಯನ್ನು ಸದ್ದಿಲ್ಲದೆ ಎತ್ತಿ, ಬೆನ್ನ ಹಿಂದೆ ಮರೆಮಾಡಿಕೊಂಡು, ತೊಟ್ಟಿಯ ಕಡೆ ನಡೆದ.