ಹನ್ನೊಂದು ಪೊಟ್ಟಣ ಬಟಾಣಿಯ ವಿಷಯವಾಗಿ ಫ್ರೀಜರ್ ಅವರಲ್ಲಿ ಅರಿಕೆ

ಅಡುಗೆಮನೆಯ ಮೂಲೆಯಲ್ಲಿ ಹದಿನಾಲ್ಕು ವರ್ಷಗಳಿಂದ ಬಿಳಿಯ ಉಡುಪಿನಲ್ಲಿ ನಿಂತೇ ಸೇವೆ ಸಲ್ಲಿಸುತ್ತಿರುವ ಫ್ರೀಜರ್ ಅವರಿಗೆ, ಎರಡೂ ಕೈ ಜೋಡಿಸಿ ವಂದನೆಗಳು. ಕೈಗಳು ಒದ್ದೆಯಾಗಿವೆ, ಮನ್ನಿಸಬೇಕು. ಆ ನೀರು ತಮ್ಮದೇ.

ಮಾನ್ಯರೇ,

ಈಗ ಮಧ್ಯಾಹ್ನ ಮೂರೂಕಾಲು. ಬೆಳಗ್ಗೆಯಿಂದ ನಾನು ಮಾಡಿದ್ದು ಇಷ್ಟೇ: ಮೂರು ಸಲ ತಮ್ಮ ಕಾಲಬುಡದ ನೆಲ ಒರೆಸಿದೆ, ಒಂದು ಸಲ ಮೆಕ್ಯಾನಿಕ್‌ಗೆ ಬಾಗಿಲು ತೆರೆದೆ.

ತಾವು ತಂಪು ಮಾಡುತ್ತಿಲ್ಲವೆಂದು ದೂರುವಷ್ಟು ಕೃತಘ್ನಳು ನಾನಲ್ಲ. ತಮ್ಮ ಗುಂಯ್ ಎನ್ನುವ ದನಿಗೆ ಕೊರತೆಯಿಲ್ಲ, ತೆರೆದಾಗಲೆಲ್ಲ ದೀಪವೂ ಬೆಳಗುತ್ತದೆ. ಮಾಡಬೇಕಾದ ಕೆಲಸವೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಮಾಡುವ ಕಲೆಯನ್ನು ನಾನು ದೊಡ್ಡ ಕಚೇರಿಗಳಲ್ಲಿ ಮಾತ್ರ ಕಂಡಿದ್ದೆ, ತಾವು ಅದನ್ನು ನಮ್ಮ ಅಡುಗೆಮನೆಗೇ ತಂದಿದ್ದೀರಿ. ಐಸ್ ತಟ್ಟೆಯ ನೀರಿಗೆ ನೀರಾಗಿಯೇ ಉಳಿಯುವ ಸ್ವಾತಂತ್ರ್ಯ ಕೊಟ್ಟಿದ್ದೀರಿ. ಐಸ್‌ಕ್ರೀಮನ್ನು ನಮ್ಮ ಭಾವ ಈಗ ಲೋಟದಲ್ಲಿ ಕುಡಿಯುತ್ತಾರೆ. ಕುಡಿದು ಬಾಯೊರೆಸಿಕೊಂಡು, “ಇದಕ್ಕಿಂತ ನಮ್ಮ ಬಚ್ಚಲುಮನೆಯೇ ತಣ್ಣಗಿದೆ ನೋಡಮ್ಮ, ಸಾಮಾನೆಲ್ಲ ಅಲ್ಲೇ ಇಟ್ಬಿಡೋಣ,” ಎನ್ನುತ್ತಾರೆ. ತಾವು ಬೇಸರಿಸಬಾರದು. ಅಕ್ಕ ತೀರಿಹೋದ ಈ ನಾಲ್ಕು ತಿಂಗಳಲ್ಲಿ ಅವರು ಆಡಿದ ಮೊದಲ ತಮಾಷೆ ಅದು.

ತಮ್ಮ ಉಪಚಾರದಲ್ಲಿ ನಾವು ಲೋಪ ಮಾಡಲಿಲ್ಲ. ಗುಂಡಿಯನ್ನು ಮೂರರಿಂದ ಏಳಕ್ಕೆ ತಿರುಗಿಸಿದೆವು. ಅಲ್ಲಿ ಎಂಟಿಲ್ಲದ್ದರಿಂದ ಭಾವ ಪೆನ್ನಿನಲ್ಲಿ ಎಂಟನ್ನೂ ಬರೆದು ಅಲ್ಲಿಯವರೆಗೂ ತಿರುಗಿಸಲು ನೋಡಿದರು. ಗೋಡೆಗೊರಗಿ ಸೋಮಾರಿಗಳಾಗಿದ್ದೀರೆಂದು ಒಂದು ಗೇಣು ಮುಂದಕ್ಕೆಳೆದೆವು. ಬೆನ್ನ ಹಿಂದಿನ ಕೊಳವೆಗಳಲ್ಲಿ ಬೆಳೆದಿದ್ದ ಧೂಳಿನ ಗಡ್ಡವನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬೋಳಿಸಿದೆವು. ಬಾಗಿಲ ಸಂದಿಯಲ್ಲಿ ಕಾಗದ ಸಿಕ್ಕಿಸಿ ಎಳೆದರೆ ಅದರ ಹಿಡಿತ ತಿಳಿಯುತ್ತದೆಂದು ಕೇಳಿ, ಅವಧಿ ಮುಗಿದ ತಮ್ಮ ಗ್ಯಾರಂಟಿ ಕಾರ್ಡನ್ನೇ ಸಿಕ್ಕಿಸಿದೆವು; ಎಷ್ಟೆಳೆದರೂ ಬಿಟ್ಟುಕೊಡಲಿಲ್ಲ. ತಮ್ಮ ಬಾಯಿ ಭದ್ರ, ಹೊಟ್ಟೆ ಮಾತ್ರ ಬೆಚ್ಚಗೆ.

ಇನ್ನು ವಿಷಯಕ್ಕೆ ಬರುತ್ತೇನೆ. ತಮ್ಮೊಳಗೆ ಅಕ್ಕ ಬಿಡಿಸಿಟ್ಟ ಹನ್ನೊಂದು ಪೊಟ್ಟಣ ಹಸಿ ಬಟಾಣಿ ಇದೆ, ನಿನ್ನೆಯಿಂದ ಮೆತ್ತಗಾಗುತ್ತಿದೆ. ಅವಳಿಗೆ ತಾರೀಕು ನೆನಪಿರುತ್ತಿರಲಿಲ್ಲ, ಆದ್ದರಿಂದ ಆ ದಿನ ಮನೆಯಲ್ಲಿ ನಡೆದದ್ದನ್ನು ಪೆನ್ಸಿಲಿನಲ್ಲಿ ಬರೆದು ಒಳಗೊಂದು ಚೀಟಿ ಹಾಕುತ್ತಿದ್ದಳು: ‘ನಲ್ಲಿ ರಿಪೇರಿಯಾದ ದಿನ’, ‘ತಂಗಿ ಜೋರಾಗಿ ನಕ್ಕ ದಿನ’, ‘ಇವರು ಕನ್ನಡಕ ಹಣೆಮೇಲಿಟ್ಟುಕೊಂಡೇ ಮನೆಯೆಲ್ಲ ಹುಡುಕಿದ ದಿನ’. ಯಾರೂ ಮರೆತು ಬೇಯಿಸದಿರಲೆಂದು ಅವನ್ನೆಲ್ಲ ಕಳೆದ ವಾರ ನಾನೇ ಹಿಂಬದಿಗೆ ಒತ್ತಿ, ಇಟ್ಟಿಗೆಗಳಂತೆ ಜೋಡಿಸಿಟ್ಟಿದ್ದೆ. ಹನ್ನೊಂದು ಗಂಟೆಗೆ ಬಂದ ಮೆಕ್ಯಾನಿಕ್ ತಮ್ಮೊಳಗೆ ತಲೆಯಿಟ್ಟವನು ಅಲ್ಲಿಂದಲೇ ಹೇಳಿದ: “ಇದಕ್ಕೇನೂ ರೋಗ ಇಲ್ಲಮ್ಮ. ತಣ್ಣನೆ ಗಾಳಿ ಬರೋ ಕಿಂಡಿಗೇ ಗೋಡೆ ಕಟ್ಟಿದ್ದೀರಲ್ಲ, ಪಾಪ, ಉಸಿರಾಡೋದು ಹೇಗೆ? ಈ ಪೊಟ್ಟಣ ಎಲ್ಲಾ ತೆಗೀರಿ. ಕರಗಿದ್ದನ್ನ ಮತ್ತೆ ಗಟ್ಟಿ ಮಾಡೋಕೆ ಹೋಗ್ಬೇಡಿ, ಬೇಯಿಸಿ ತಿಂದ್ಬಿಡಿ.”

ಅಲ್ಲಿಗೆ ತಪ್ಪು ನನ್ನದೆಂದಾಯಿತು. ಇದನ್ನು ಮೊದಲೇ ಬಲ್ಲ ತಾವು ಬರೀ ಗುಂಯ್ ಎನ್ನುವ ಬದಲು ಒಂದು ಮಾತು ಹೇಳಬಹುದಿತ್ತು. ಇರಲಿ. ಪರಿಹಾರವಾಗಿ ನಾನು ಹೆಚ್ಚೇನೂ ಕೇಳುವುದಿಲ್ಲ. ಕರಗಿದ ಬಟಾಣಿಯನ್ನು ಕರಗಿಯೇ ಇಲ್ಲದಂತೆ ಮಾಡಿಕೊಡಬೇಕು. ಅದಾಗದಿದ್ದರೆ, ಅಕ್ಕ ಸಿಪ್ಪೆಯ ರಾಶಿಯ ನಡುವೆ ಕೂತು ನನ್ನನ್ನು ಬೈಯುತ್ತಿದ್ದ ಯಾವುದಾದರೊಂದು ಸಂಜೆಯನ್ನು, ಚಿಕ್ಕದಾದರೂ ಅಡ್ಡಿಯಿಲ್ಲ, ಮೈನಸ್ ಹದಿನೆಂಟರಲ್ಲಿ ಗಟ್ಟಿಮಾಡಿ ಮೇಲಿನ ಅರೆಯಲ್ಲಿ ಇಟ್ಟುಕೊಡಬೇಕು. ಪರಿಶೀಲನೆಗಾಗಿ ಒಂದು ಬಟಾಣಿ ಲಗತ್ತಿಸಿದ್ದೇನೆ.

ಉತ್ತರ ಬಾರದಿದ್ದರೂ ದಿನಕ್ಕೆ ಹತ್ತು ಸಲ ತಮ್ಮ ಬಾಗಿಲು ತೆರೆಯುವ,
ತಮ್ಮ ವಿಶ್ವಾಸಿ,
ಈ ಮನೆಯ ಚಿಕ್ಕವಳು

ವಿ.ಸೂ.: ಇಷ್ಟು ಬರೆದು ಎದ್ದು ಪೊಟ್ಟಣಗಳನ್ನೆಲ್ಲ ತೆಗೆದೆ. ಈಗ ಐದೂವರೆ, ತಮ್ಮೊಳಗೆ ಕೈಯಿಟ್ಟರೆ ಬೆರಳು ಸೆಟೆದುಕೊಳ್ಳುತ್ತದೆ. ಕಾಯಬೇಕಾದದ್ದು ಏನೂ ಉಳಿಯದ ಮೇಲೆ ಇಷ್ಟು ಶ್ರದ್ಧೆಯಿಂದ ಕಾಯುವ ಕಾವಲುಗಾರರನ್ನು ನಾನು ಕಂಡಿಲ್ಲ, ಅಭಿನಂದನೆಗಳು. ಚೀಟಿಗಳು ಕಿಟಕಿಯಲ್ಲಿ ಒಣಗುತ್ತಿವೆ, ಅವು ಇನ್ನು ತಮ್ಮ ಸುಪರ್ದಿಗೆ ಬರುವುದಿಲ್ಲ. ಬಟಾಣಿ ತಮ್ಮ ಪಕ್ಕದಲ್ಲೇ ನಿಂತಿರುವ ಫ್ರಿಜ್ಜಿನಲ್ಲಿದೆ. ಬೇಯಿಸಲು ಅಟ್ಟದ ಮೇಲಿನ ದೊಡ್ಡ ಪಾತ್ರೆಯನ್ನು ನಾಳೆ ಒಂಬತ್ತಕ್ಕೆ ಭಾವ ಇಳಿಸಿಕೊಡುತ್ತಾರೆ.